ಓಷನ್ ಗ್ರೋವ್: ಡೇರೆಗಳ ನಡುವಿನ ಮರದ ದೇವಾಲಯ

ಶುಕ್ರವಾರ

ಅಮೆರಿಕದ ನ್ಯೂಜೆರ್ಸಿಯಲ್ಲಿ ಅಟ್ಲಾಂಟಿಕ್ ಕಡಲಿಗೆ ಮುಖ ಮಾಡಿ ಓಷನ್ ಗ್ರೋವ್ ಅಂತ ಒಂದು ಪುಟ್ಟ ಊರಿದೆ. ಮೆಥೋಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದ ಸಭಾಪಾಲಕರು, ಅಂದರೆ ಪಾದ್ರಿಗಳು, 1869ರಲ್ಲಿ ಕಟ್ಟಿದ ಊರು. ನಡುವೆ ಮರದಲ್ಲಿ ಕಟ್ಟಿದ ಒಂದು ದೊಡ್ಡ ದೇವಾಲಯ, ಅಂದರೆ ಚರ್ಚು. ಗ್ರೇಟ್ ಆಡಿಟೋರಿಯಂ ಅಂತ ಅದರ ಹೆಸರು. 1894ರಲ್ಲಿ ಕಟ್ಟಿದ್ದು, ಈಗಲೂ ಪ್ರತಿ ಬೇಸಿಗೆ ಅಲ್ಲಿ ಆರಾಧನೆ ನಡೆಯುತ್ತದೆ. ಅದರ ಸುತ್ತ ಇಂದಿಗೂ ಜನ ಬಟ್ಟೆಯ ಡೇರೆಗಳಲ್ಲಿ ಬೇಸಿಗೆ ಕಳೆಯುತ್ತಾರೆ.

ನಮ್ಮದು ಕೋಲಾರದ ಮೆಥೋಡಿಸ್ಟ್ ಮನೆ. ಅಮ್ಮ ಈ ಸಲ ನಮ್ಮಲ್ಲಿಗೆ ಬಂದಾಗ ನ್ಯೂಯಾರ್ಕ್ ನೋಡಿದ್ದಾಯಿತು, ನಯಾಗರ ನೋಡಿದ್ದಾಯಿತು. ಎಡಿಸನ್ ಊರಿನ ಅಂಗಡಿಗಳೂ ಮುಗಿದವು. "ಇಲ್ಲಿ ನಮ್ಮ ಸಭೆಯವರ ಹಳೇ ದೇವಾಲಯ ಯಾವುದೂ ಇಲ್ವೇನಪ್ಪಾ?" ಅಂತ ಒಂದು ರಾತ್ರಿ ಕೇಳಿದರು. ಆಗ ಓಷನ್ ಗ್ರೋವ್ ಅಲ್ಲದೆ ಬೇರೆ ಹೆಸರು ನನಗೆ ಹೊಳೆಯಲಿಲ್ಲ.

ಎಡಿಸನ್‌ನಿಂದ ರೈಲು ಹತ್ತಿ ರಾಹ್ವೇಯಲ್ಲಿ ಬದಲಿಸಿದೆವು. ಲಾಂಗ್ ಬ್ರಾಂಚ್‌ನಲ್ಲಿ ಇನ್ನೊಮ್ಮೆ ಬದಲಿಸಿ ಆಸ್ಬರಿ ಪಾರ್ಕ್‌ನಲ್ಲಿ ಇಳಿದೆವು. ಕಾರಿನಲ್ಲಿ ಬೇಗ ಹೋಗಬಹುದು. ಆದರೆ ಜುಲೈ ತಿಂಗಳ ಶುಕ್ರವಾರ ಕಡಲತೀರದ ದಾರಿ ಹಿಡಿದರೆ ಟ್ರಾಫಿಕ್‌ನಲ್ಲೇ ಸಂಜೆಯಾಗುತ್ತದೆ.

ಆಸ್ಬರಿ ಪಾರ್ಕ್‌ಗೂ ಓಷನ್ ಗ್ರೋವ್‌ಗೂ ನಡುವೆ ಒಂದು ಕಿರಿದಾದ ಉದ್ದನೆಯ ಕೆರೆ. ಹೆಸರು ವೆಸ್ಲಿ ಲೇಕ್. ಕೇಳಿದ ಕೂಡಲೇ ಅಮ್ಮನ ಮುಖ ಅರಳಿತು. ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಹೆಸರು ಗೊತ್ತಿಲ್ಲದವರು ನಮ್ಮ ಸಭೆಯಲ್ಲಿ ಯಾರೂ ಇಲ್ಲ. ಊರಿನ ಇನ್ನೊಂದು ಗಡಿಯ ಕೆರೆಗೆ ವೆಸ್ಲಿಯ ಗೆಳೆಯ ಜಾನ್ ಫ್ಲೆಚರ್ ಹೆಸರು. ಪಕ್ಕದ ಊರಿಗೆ ಅಮೆರಿಕದ ಮೊದಲ ಮೆಥೋಡಿಸ್ಟ್ ಬಿಷಪ್‌ಗಳಲ್ಲಿ ಒಬ್ಬರಾದ ಫ್ರಾನ್ಸಿಸ್ ಆಸ್ಬರಿ ಹೆಸರು. ಬೀದಿಗಳಿಗೆ ಎಂಬರಿ, ಹೆಕ್, ವೆಬ್ ಎಂಬ ಮೊದಲ ಕಾಲದ ಮೆಥೋಡಿಸ್ಟರ ಹೆಸರು.

ಹೆಕ್ ಅವೆನ್ಯೂ ಫಲಕದ ಹತ್ತಿರ ಅಮ್ಮನಿಗೆ ಬಾರ್ಬರಾ ಹೆಕ್ ಕಥೆ ಹೇಳಿದೆ. 1766ರಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನವರು ಇಸ್ಪೀಟ್ ಆಡುತ್ತಾ ಕೂತಿದ್ದನ್ನು ಈ ಹೆಣ್ಣುಮಗಳು ಕಂಡಳಂತೆ. ಎಲೆಗಳನ್ನೆಲ್ಲ ಬಾಚಿ ಒಲೆಗೆ ಹಾಕಿದಳಂತೆ. ನೆಟ್ಟಗೆ ನೆಂಟ ಫಿಲಿಪ್ ಎಂಬರಿ ಮನೆಗೆ ಹೋಗಿ, "ನೀನು ಪ್ರಸಂಗ ಮಾಡಲೇಬೇಕು, ಇಲ್ಲದಿದ್ದರೆ ನಾವೆಲ್ಲ ಹಾಳಾಗುತ್ತೇವೆ" ಅಂತ ಹಟ ಹಿಡಿದಳಂತೆ. ಎಂಬರಿ ತನ್ನ ಮನೆಯಲ್ಲೇ ಬೆರಳೆಣಿಕೆಯ ಜನಕ್ಕೆ ಪ್ರಸಂಗ, ಅಂದರೆ ಧರ್ಮಬೋಧನೆ, ಮಾಡಿದ. ನ್ಯೂಯಾರ್ಕ್‌ನಲ್ಲಿ ಮೆಥೋಡಿಸ್ಟ್ ಸಭೆ ಹುಟ್ಟಿದ್ದು ಹೀಗೆ. "ಹೆಂಗಸು ಗದರಿದ್ದಕ್ಕೆ ಸಭೆ ಹುಟ್ಟಿತು ಅನ್ನು" ಅಂದರು ಅಮ್ಮ. ಅವರಿಗೆ ತುಂಬಾ ಹಿಡಿಸಿತು.

ಸಂಜೆ ಊರು ಹುಟ್ಟಿದ ಜಾಗ ನೋಡಲು ಹೋದೆವು. ಫೌಂಡರ್ಸ್ ಪಾರ್ಕ್ ಅನ್ನುತ್ತಾರೆ. ಸಣ್ಣ ಹುಲ್ಲುಹಾಸು, ಕೆಲವು ಮರ. 1869ರ ಜುಲೈ 31ರ ಸಂಜೆ ಇಲ್ಲೇ ಸುತ್ತಮುತ್ತ ಸುಮಾರು ಇಪ್ಪತ್ತು ಜನ ಒಂದು ಡೇರೆಯಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಪ್ರಾರ್ಥನೆಗೆ ಕೂತಿದ್ದರು. ಜಾಗ ಹುಡುಕಿದವರು ವಿಲಿಯಂ ಓಸ್ಬಾರ್ನ್ ಎಂಬ ಸಭಾಪಾಲಕರು. ಜೊತೆಗೆ ನಿಂತವರು ಎಲ್‌ವುಡ್ ಸ್ಟೋಕ್ಸ್. ಓಸ್ಬಾರ್ನ್ ಈ ದಂಡೆಯುದ್ದಕ್ಕೂ ಜಾಗ ಹುಡುಕುತ್ತಾ ಅಲೆದಿದ್ದರು. ಕಡಲು ಬೇಕು, ನೆರಳು ಕೊಡುವ ಮರ ಬೇಕು, ನೆಲ ಎತ್ತರವಿರಬೇಕು, ಸೊಳ್ಳೆ ಇರಬಾರದು. ಇಲ್ಲಿ ಸೊಳ್ಳೆ ಕಾಟ ಇರಲಿಲ್ಲವಂತೆ.

ಇವರು ಹುಡುಕುತ್ತಿದ್ದದ್ದು ಕ್ಯಾಂಪ್ ಮೀಟಿಂಗ್‌ಗೆ ಜಾಗ. ಊರಿನಿಂದ ದೂರ, ಮರಗಳ ಕೆಳಗೆ ಡೇರೆ ಹಾಕಿಕೊಂಡು ಹತ್ತಾರು ದಿನ ಪ್ರಾರ್ಥನೆ, ಹಾಡು, ಪ್ರಸಂಗ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀದರ್ ಕಡೆಯ ನಮ್ಮ ನೆಂಟರು ಗಡಿ ದಾಟಿ ತೆಲಂಗಾಣದ ಧಾರೂರಿನ ಮೆಥೋಡಿಸ್ಟ್ ಜಾತ್ರೆಗೆ ಹೋಗುತ್ತಾರೆ. ಅಲ್ಲೂ ಹೀಗೇ ಡೇರೆ, ಬಿಡಾರ, ರಾತ್ರಿಯೆಲ್ಲ ಭಜನೆ. ಓಷನ್ ಗ್ರೋವ್ ಹುಟ್ಟುವ ಹೊತ್ತಿಗೆ ಅಮೆರಿಕದಲ್ಲಿ ಒಳಯುದ್ಧ ಮುಗಿದಿತ್ತು. ಜನ ಬಳಲಿದ್ದರು. ಪರಿಶುದ್ಧ ಜೀವನ ಬೇಕು ಅನ್ನುವ ಹಂಬಲ ಮೆಥೋಡಿಸ್ಟರಲ್ಲಿ ಜೋರಾಗಿತ್ತು. 1867ರಲ್ಲಿ ಇದೇ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಅದಕ್ಕೆಂದೇ ದೊಡ್ಡ ಕ್ಯಾಂಪ್ ಮೀಟಿಂಗ್ ಆಗಿತ್ತು. ಎರಡು ವರ್ಷಕ್ಕೆ ಓಷನ್ ಗ್ರೋವ್ ಶುರುವಾಯಿತು.

ಊರು ನಡೆಸಲು ಓಷನ್ ಗ್ರೋವ್ ಕ್ಯಾಂಪ್ ಮೀಟಿಂಗ್ ಸಂಘ ಅಂತ ಒಂದನ್ನು ಕಟ್ಟಿಕೊಂಡರು. ಸ್ಥಾಪಕರು ಇಪ್ಪತ್ತಾರು ಮಂದಿ. ಹದಿಮೂರು ಸಭಾಪಾಲಕರು, ಹದಿಮೂರು ಸಾಮಾನ್ಯ ಸಭಿಕರು. ಈ ಲೆಕ್ಕ ನನಗೆ ಬಹಳ ಮೆಚ್ಚುಗೆಯಾಗುತ್ತದೆ. ಪಾದ್ರಿಗಳಷ್ಟೇ ಸಂಖ್ಯೆಯಲ್ಲಿ ಜನರನ್ನೂ ಕೂರಿಸಿಕೊಂಡು ಆಡಳಿತ ಮಾಡಬೇಕು ಅಂತ ಮೊದಲ ದಿನವೇ ತೀರ್ಮಾನಿಸಿದ್ದರು. ಸ್ಟೋಕ್ಸ್ ಮೊದಲ ಅಧ್ಯಕ್ಷರು. 1897ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇದ್ದರು.

ಜಮೀನು ಅವರು ಮಾರಲಿಲ್ಲ. ಲೀಸ್‌ಗೆ ಕೊಟ್ಟರು, 99 ವರ್ಷಕ್ಕೆ. ಇಂದಿಗೂ ಹಾಗೇ. ಮನೆ ನಿಮ್ಮದು, ಕೆಳಗಿನ ನೆಲ ಸಂಘದ್ದು. ಮೊದಲು ನಿವೇಶನ ಹಿಡಿದವರು ಜೇಮ್ಸ್ ಬ್ರಾಡ್ಲಿ ಎಂಬ ನ್ಯೂಯಾರ್ಕಿನ ಬ್ರಷ್ ವ್ಯಾಪಾರಿ. ಅವರಿಗೆ ಈ ಗಾಳಿ ಎಷ್ಟು ಹಿಡಿಸಿತೆಂದರೆ, ಕೆರೆಯ ಆಚೆಗಿನ ಜಮೀನು ಕೊಂಡು 1871ರಲ್ಲಿ ಆಸ್ಬರಿ ಪಾರ್ಕ್ ಕಟ್ಟಿದರು.

ಶನಿವಾರ

ಬೆಳಿಗ್ಗೆ ಬೇಗ ಎದ್ದು ಡೇರೆಗಳ ಕಡೆ ಹೋದೆವು. ದೇವಾಲಯದ ಪಕ್ಕ ಸಾಲುಸಾಲಾಗಿ 114 ಡೇರೆಗಳಿವೆ. ಒಂದಕ್ಕೊಂದು ಎಷ್ಟು ಹತ್ತಿರ ಅಂದರೆ, ಪಕ್ಕದವರು ಕಾಫಿಗೆ ಸಕ್ಕರೆ ಹಾಕಿ ಕಲಕುವುದು ಇಲ್ಲಿಗೆ ಕೇಳಿಸುತ್ತದೆ. ಮುಂದೆ ಸಣ್ಣ ಜಗಲಿ, ಪಟ್ಟೆ ಪಟ್ಟೆ ಬಟ್ಟೆಯ ಸೂರು, ತೂಗುಹಾಕಿದ ಹೂಕುಂಡಗಳು, ಬೆತ್ತದ ಕುರ್ಚಿ.

ಒಂದು ಜಗಲಿಯಲ್ಲಿ ಬಿಳಿಗೂದಲ ಅಜ್ಜಿಯೊಬ್ಬರು ಬೈಬಲ್ ಹಿಡಿದು ಕೂತಿದ್ದರು. ಸೀರೆ ಉಟ್ಟ ಅಮ್ಮನನ್ನು ನೋಡಿ ತಾವೇ ಮಾತಾಡಿಸಿದರು. ಭಾರತದಿಂದ ಬಂದ ಮೆಥೋಡಿಸ್ಟರು ಅಂತ ನಾನು ಹೇಳಿದ್ದೇ ತಡ, ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡರು. "ಒಳಗೆ ಬನ್ನಿ, ಮನೆ ನೋಡಿ" ಅಂದರು.

ಡೇರೆ ಅಂದರೆ ಪೂರ್ತಿ ಡೇರೆಯಲ್ಲ. ಮುಂದಿನ ಅರ್ಧ ಕ್ಯಾನ್ವಾಸು, ಹಿಂದಿನ ಅರ್ಧ ಮರದ ಪುಟ್ಟ ಕೋಣೆ. ಮರದ ಭಾಗದಲ್ಲಿ ಅಡುಗೆ ಮನೆ, ಬಚ್ಚಲು. ಬಟ್ಟೆಯ ಭಾಗದಲ್ಲಿ ಮಂಚ, ಮೇಜು, ದೀಪ, ಗೋಡೆಯ ಜಾಗದಲ್ಲಿ ಪರದೆ. ನೆಲಕ್ಕೆ ಹಲಗೆ. ಬಿಸಿಲು ಕ್ಯಾನ್ವಾಸಿನ ಮೂಲಕ ಸೋಸಿ ಬಂದು ಒಳಗೆಲ್ಲ ಕೆನೆಬಣ್ಣದ ಬೆಳಕು. ಮೇಲೆ ನೋಡಿದರೆ ಬಟ್ಟೆ ಗಾಳಿಗೆ ಸ್ವಲ್ಪ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ಅಮ್ಮ ಒಂದು ಕೈಯಿಂದ ಅದನ್ನು ಮುಟ್ಟಿ ನೋಡಿದರು. ದಪ್ಪ ಬಟ್ಟೆ, ಹೊಲಿಗೆಯ ಅಂಚಿನಲ್ಲಿ ಹಗ್ಗ ಸೇರಿಸಿ ಹೊಲಿದಿದ್ದಾರೆ. "ಮಳೆ ಬಂದ್ರೆ?" ಅಂತ ಕೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. "ಮಳೆ ಬಂದರೆ ಬಟ್ಟೆ ಮುಟ್ಟಬಾರದು, ಮುಟ್ಟಿದ ಕಡೆ ಸೋರುತ್ತದೆ. ಮೊಮ್ಮಕ್ಕಳಿಗೆ ನಾನು ಮೊದಲು ಕಲಿಸುವ ಪಾಠ ಅದೇ" ಅಂದರು ಅಜ್ಜಿ.

ಮೇ ತಿಂಗಳ ನಡುವೆ ಬಟ್ಟೆ ಏರುತ್ತದೆ. ಸೆಪ್ಟೆಂಬರ್‌ನಲ್ಲಿ ಇಳಿಯುತ್ತದೆ. ಆಗ ಸಾಮಾನೆಲ್ಲ ಹಿಂದಿನ ಮರದ ಕೋಣೆಗೆ ತುರುಕಿ ಬೀಗ ಹಾಕುತ್ತಾರೆ. ಡೇರೆಗಳು ಸಂಘದ್ದು, ಜನ ಬೇಸಿಗೆಗೆ ಬಾಡಿಗೆಗೆ ಹಿಡಿಯುತ್ತಾರೆ. ಒಂದು ಡೇರೆ ಸಿಗಬೇಕಾದರೆ ಹತ್ತಾರು ವರ್ಷ ಕಾಯಬೇಕು. ಕೆಲವು ಕುಟುಂಬಗಳು ತಲೆಮಾರುಗಳಿಂದ ಬರುತ್ತಿವೆ. ಹತ್ತಿರದಲ್ಲೇ ಕಡಲಿಗೆ ಮುಖ ಮಾಡಿದ ದುಬಾರಿ ಮನೆಗಳಿವೆ. ಆದರೂ ಜನ ಈ ಬಟ್ಟೆಯ ಮನೆಗೆ ಕಾಯುತ್ತಾರೆ. ಯಾಕೆ ಅಂತ ಕೇಳಿದೆ. "ಇಲ್ಲಿಂದ ಹಾಡು ಕೇಳಿಸುತ್ತದೆ" ಅಂತ ದೇವಾಲಯದ ಕಡೆ ಕೈ ತೋರಿಸಿದರು.

ಗ್ರೇಟ್ ಆಡಿಟೋರಿಯಂ ಅರ್ಥವಾಗಬೇಕಾದರೆ ಈ ಡೇರೆಯಿಂದಲೇ ಶುರು ಮಾಡಬೇಕು ಅಂತ ನನಗೆ ಆಗಲೇ ಅನ್ನಿಸಿತು. ಎಷ್ಟೋ ಕಡೆ ಮೊದಲು ದೇವಾಲಯ ಕಟ್ಟುತ್ತಾರೆ, ಆಮೇಲೆ ಜನ ಸೇರುತ್ತಾರೆ. ಇಲ್ಲಿ ಮೊದಲು ಜನ ಬಂದು ಡೇರೆ ಹೊಡೆದರು. ಮರಗಳ ನೆರಳಲ್ಲಿ ಹಲಗೆ ಬೆಂಚು ಹಾಕಿ ಪ್ರಸಂಗ ಕೇಳಿದರು. ಜನ ಜಾಸ್ತಿಯಾದಂತೆ ಬೆಂಚುಗಳ ಮೇಲೆ ಸೂರು ಬಂತು, ಸುತ್ತ ಗೋಡೆ ಇರಲಿಲ್ಲ. ಅದೂ ಸಾಲದಾಯಿತು. ಕಡೆಗೆ ಈಗಿನದ್ದು. ಅಂದರೆ ಇದು ಬೆಳೆದು ಬೆಳೆದು ಮರವಾದ ಡೇರೆ. ಗಾಳಿ ಆಡಬೇಕು, ಮಾತು ಕೇಳಿಸಬೇಕು. ಡೇರೆಯಿಂದ ಬಯಸಿದ್ದ ಈ ಎರಡನ್ನೇ ಇದರಿಂದಲೂ ಬಯಸಿದರು.

ಹನ್ನೊಂದು ಗಂಟೆಗೆ ಒಳಗೆ ಹೋದೆವು. ಬಾಗಿಲೇ ಮೊದಲ ಅಚ್ಚರಿ. ಮುಖ್ಯದ್ವಾರ ಅಂತ ಒಂದಿಲ್ಲ. ನಾಲ್ಕೂ ಕಡೆ ಉಗ್ರಾಣದ ಬಾಗಿಲಿನಂಥ ಅಗಲ ಅಗಲ ಬಾಗಿಲುಗಳು, ಅವುಗಳಲ್ಲಿ ಬಣ್ಣದ ಗಾಜು. ಎಲ್ಲವನ್ನೂ ತೆರೆದಿಟ್ಟರೆ ಗೋಡೆಯೇ ಇಲ್ಲದ ಹಾಗೆ. ಮೇಲೆ ಛಾವಣಿಯಲ್ಲಿ ಸಾಲು ಕಿಟಕಿಗಳು, ಬಿಸಿಗಾಳಿ ಹೊರಗೆ ಹೋಗಲು. ಎಸಿ ಇಲ್ಲ. ಹೊರಗೆ ಸುಡುವ ಬಿಸಿಲು. ಒಳಗೆ ಕಡಲ ಕಡೆಯ ಬಾಗಿಲಿನಿಂದ ಬಂದ ಗಾಳಿ ಅಮ್ಮನ ಸೆರಗು ಹಾರಿಸುತ್ತಿತ್ತು.

ಕಟ್ಟಡ 225 ಅಡಿ ಉದ್ದ, 161 ಅಡಿ ಅಗಲ. ನಕ್ಷೆ ಮಾಡಿದವರು ನ್ಯೂಯಾರ್ಕಿನ ವಾಸ್ತುಶಿಲ್ಪಿ ಫ್ರೆಡ್ ಕ್ಯಾಂಪ್. ಕಟ್ಟಿದ್ದು 92 ದಿನದಲ್ಲಿ. ಖರ್ಚು ಸುಮಾರು 69 ಸಾವಿರ ಡಾಲರ್. 1894ರ ಜುಲೈ 1ಕ್ಕೆ ಮೊದಲ ಆರಾಧನೆ. ಮೂರು ತಿಂಗಳಲ್ಲಿ ಇಂಥದ್ದು ಎದ್ದಿತು ಅಂದರೆ ನಂಬಲು ಕಷ್ಟ. ಆದರೆ ಕಟ್ಟಿದ ರೀತಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಕಲ್ಲಿನ ತಳಪಾಯದ ಮೇಲೆ, ಆ ಕಾಲದ ರೈಲು ಸೇತುವೆಗಳಿಗೆ ಹಾಕುತ್ತಿದ್ದಂಥ ಕಬ್ಬಿಣದ ಟ್ರಸ್‌ಗಳನ್ನು (ತ್ರಿಕೋನಗಳಾಗಿ ಹೆಣೆದ ತೊಲೆಗಳನ್ನು) ಸಾಲಾಗಿ ನಿಲ್ಲಿಸಿದರು. ಭಾರವೆಲ್ಲ ಅವುಗಳದ್ದು. ಮಿಕ್ಕಿದ್ದು ಮರ. ಗೋಡೆ ಸೂರು ಹೊರಬೇಕಿಲ್ಲವಾದ್ದರಿಂದ ಗೋಡೆಯಲ್ಲಿ ಎಷ್ಟು ಬೇಕಾದರೂ ಬಾಗಿಲು ಇಡಬಹುದು. ಕಲ್ಲು ಗಾರೆಯಲ್ಲಿ ಕಟ್ಟಿದ್ದರೆ ವರ್ಷಗಳೇ ಹಿಡಿಯುತ್ತಿತ್ತು. ಇಷ್ಟು ಬಾಗಿಲೂ ಇರುತ್ತಿರಲಿಲ್ಲ.

ನಡುವೆ ಕೂತು ಕತ್ತೆತ್ತಿದೆವು. ನೆಲದಿಂದ ಸುಮಾರು 55 ಅಡಿ ಎತ್ತರದಲ್ಲಿ ಕಮಾನಿನ ಮರದ ಮುಚ್ಚಿಗೆ. ಸಣ್ಣ ಸಣ್ಣ ಹಲಗೆಗಳನ್ನು ಒತ್ತೊತ್ತಾಗಿ ಕೂಡಿಸಿದ್ದಾರೆ. ವರ್ಷಗಳು ಕಳೆದು ಜೇನುಬಣ್ಣಕ್ಕೆ ತಿರುಗಿದೆ. ಮೈಕಿಲ್ಲದ ಕಾಲ ಅದು. ಪ್ರಸಂಗ ಮಾಡುವವರ ಗಂಟಲೇ ಗತಿ. ಆಗ ಹತ್ತು ಸಾವಿರದಷ್ಟು ಜನ ಕೂರುತ್ತಿದ್ದರು. ಅಗಲದ ಕುರ್ಚಿಗಳು ಬಂದ ಮೇಲೆ ಈಗ ಸುಮಾರು 6,250. ಅಷ್ಟು ಜನಕ್ಕೂ ಮಾತು ಮುಟ್ಟಿಸುವುದು ಈ ಮುಚ್ಚಿಗೆಯ ಕೆಲಸ. ನಾನು ಕಡೆಯ ಸಾಲಿಗೆ ಹೋಗಿ ನಿಂತೆ. ಅಮ್ಮ ವೇದಿಕೆ ಹತ್ತಿರ ನಿಂತು ಮಾಮೂಲಿ ದನಿಯಲ್ಲಿ ಕನ್ನಡದಲ್ಲಿ "ಸ್ತೋತ್ರ" ಅಂದರು. ಸ್ಪಷ್ಟವಾಗಿ ಕೇಳಿಸಿತು. ಅವರಿಗೂ ಗೊತ್ತಾಗಿರಬೇಕು, ಇನ್ನೊಮ್ಮೆ ಅಂದರು. ದೂರದಲ್ಲಿ ಕುರ್ಚಿ ಒರೆಸುತ್ತಿದ್ದ ಹುಡುಗ ತಲೆಯೆತ್ತಿ ಕೈ ಬೀಸಿದ.

ವೇದಿಕೆಯ ಎರಡೂ ಬದಿ ದೊಡ್ಡ ಅಕ್ಷರದ ಫಲಕಗಳು. ಒಂದರಲ್ಲಿ ಕರ್ತನಿಗೆ ಪರಿಶುದ್ಧ ಎಂಬ ಮಾತು, ಇನ್ನೊಂದರಲ್ಲಿ ನೀವೂ ಪರಿಶುದ್ಧರಾಗಿರಿ ಎಂಬ ಮಾತು. ಜೊತೆಗೆ ಬಲ್ಬುಗಳಿಂದ ಮಾಡಿದ ಅಮೆರಿಕದ ಬಾವುಟ. ಅದು ನನಗೆ ಅಷ್ಟಾಗಿ ರುಚಿಸಲಿಲ್ಲ. ದೇವಾಲಯದೊಳಗೆ ಯಾವ ದೇಶದ ಬಾವುಟವೂ ಬೇಡ ಅನ್ನುವವನು ನಾನು. ಆದರೆ ಇಲ್ಲಿನವರಿಗೆ ಅದರ ಮೇಲೆ ಬಹಳ ಪ್ರೀತಿ.

ಮಧ್ಯಾಹ್ನ ಹನ್ನೆರಡಕ್ಕೆ ಆರ್ಗನ್ ಕಛೇರಿ. ಸಣ್ಣ ದೊಡ್ಡ ಕೊಳವೆಗಳಲ್ಲಿ ಗಾಳಿ ಹಾಯಿಸಿ ನಾದ ಹೊರಡಿಸುವ ವಾದ್ಯ ಅದು. ಬೇಸಿಗೆಯಲ್ಲಿ ಶನಿವಾರ ಮಧ್ಯಾಹ್ನ, ಬುಧವಾರ ಸಂಜೆ ಇರುತ್ತದೆ, ಟಿಕೆಟ್ ಇಲ್ಲ. ಈ ಆರ್ಗನ್ 1908ರಲ್ಲಿ ಬಂತು. ಮಾಡಿದವರು ರಾಬರ್ಟ್ ಹೋಪ್-ಜೋನ್ಸ್ ಎಂಬ ಇಂಗ್ಲಿಷರು. ಮೊದಲು ಟೆಲಿಫೋನ್ ಕಂಪನಿಯಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದವರು. ಹಳೇ ಆರ್ಗನ್‌ಗಳಲ್ಲಿ ಕೀಯನ್ನು ಒತ್ತಿದರೆ ಕಡ್ಡಿ, ತಂತಿ, ಸನ್ನೆಗಳು ಎಳೆದು ಕೊಳವೆಯ ಬಾಯಿ ತೆರೆಯುತ್ತಿತ್ತು. ಆರ್ಗನ್ ದೊಡ್ಡದಾದಷ್ಟೂ ಬೆರಳಿಗೆ ಭಾರ. ಆ ಕೆಲಸವನ್ನು ವಿದ್ಯುತ್ತಿಗೆ ಕೊಡುವ ವಿದ್ಯೆಯನ್ನು ಬೆಳೆಸಿದವರಲ್ಲಿ ಹೋಪ್-ಜೋನ್ಸ್ ಒಬ್ಬರು. ನುಡಿಸುವವರು ಕೊಳವೆಗಳಿಂದ ದೂರವೂ ಕೂರಬಹುದಾಯಿತು. 1910ರಲ್ಲಿ ಅವರು ವುರ್ಲಿಟ್ಜರ್ ಎಂಬ ವಾದ್ಯ ತಯಾರಿಸುವ ಕಂಪನಿ ಸೇರಿದರು. ಮೂಕಿಚಿತ್ರಗಳ ಕಾಲದಲ್ಲಿ ಥಿಯೇಟರುಗಳಲ್ಲಿ ಮೊಳಗಿದ ಆರ್ಗನ್‌ಗಳು ಅವರ ಕೈಚಳಕದಿಂದಲೇ ಹುಟ್ಟಿದವು. ಹಾಗಾಗಿ ಈ ಕಡಲತೀರದ ದೇವಾಲಯಕ್ಕೂ ಸಿನಿಮಾಕ್ಕೂ ಒಂದು ಹಳೇ ನಂಟು ಇದೆ. ಸಿನಿಮಾ ಅಂದರೆ ಮೂಗು ಮುರಿಯುತ್ತಿದ್ದ ನನ್ನ ತಾತನಿಗೆ ಇದನ್ನು ಹೇಳಬೇಕಿತ್ತು.

1974ರಿಂದ ಐದು ದಶಕ ಇಲ್ಲಿ ಆರ್ಗನ್ ನುಡಿಸಿದವರು ಗಾರ್ಡನ್ ಟರ್ಕ್. ಅವರ ಕಾಲದಲ್ಲಿ ಆರ್ಗನ್ ಬೆಳೆಯುತ್ತಲೇ ಬಂತು. ಈಗ ಕೊಳವೆಗಳ ಸಂಖ್ಯೆ ಹನ್ನೊಂದು ಸಾವಿರಕ್ಕೂ ಮೇಲೆ. ದೊಡ್ಡ ಕೊಳವೆಗಳ ನಾದವನ್ನು ಕಿವಿಗಿಂತ ಮೊದಲು ಪಾದ ಹಿಡಿಯುತ್ತದೆ. ನೆಲದ ಹಲಗೆ, ಕುರ್ಚಿಯ ಕೈ, ಎದೆ, ಎಲ್ಲ ಒಟ್ಟಿಗೆ ಅದುರುತ್ತವೆ. ಅಮ್ಮ ಚಪ್ಪಲಿ ಬಿಟ್ಟು ಬರಿಗಾಲು ನೆಲಕ್ಕಿಟ್ಟು ಕೂತರು. ಕೊನೆಯ ಗೀತೆ ಅವರಿಗೆ ಗೊತ್ತಿದ್ದ ರಾಗ. ಕನ್ನಡದ ಮಾತುಗಳಲ್ಲಿ ತುಟಿಯಲ್ಲೇ ಹಾಡಿಕೊಂಡರು.

ಭಾನುವಾರ

ಹತ್ತೂವರೆಗೆ ಆರಾಧನೆ. ಅದಕ್ಕೆ ಮೊದಲು ಬೀದಿಗಳಲ್ಲಿ ಓಡಾಡಿದೆವು. ಕಾರುಗಳು ಸಾಲಾಗಿ ನಿಂತಿದ್ದವು. ಐವತ್ತು ವರ್ಷದ ಹಿಂದೆ ಬಂದಿದ್ದರೆ ಒಂದೂ ಕಾಣುತ್ತಿರಲಿಲ್ಲ. ಶನಿವಾರ ಮಧ್ಯರಾತ್ರಿಗೆ ಊರಿನ ಬಾಗಿಲಿಗೆ ಸರಪಳಿ ಎಳೆಯುತ್ತಿದ್ದರು. ಭಾನುವಾರ ಮಧ್ಯರಾತ್ರಿವರೆಗೆ ಗಾಡಿ ಓಡುವಂತಿಲ್ಲ. ಮೊದಲು ಕುದುರೆ ಗಾಡಿ, ಆಮೇಲೆ ಕಾರು. ಊರಿನವರೂ ತಮ್ಮ ಕಾರನ್ನು ಶನಿವಾರವೇ ಹೊರಗೆ ಬಿಟ್ಟು ಬರಬೇಕು. ಸಮುದ್ರ ಸ್ನಾನ ಇಲ್ಲ. ಬಟ್ಟೆ ಒಣಗಿಸುವಂತಿಲ್ಲ. ಮದ್ಯ ಯಾವತ್ತೂ ಇಲ್ಲ. ಈಗಲೂ ಊರಲ್ಲಿ ಒಂದು ಬಾರ್ ಇಲ್ಲ.

ಸರಪಳಿ ಹೋದದ್ದು ಕೋರ್ಟಿನಿಂದ. ಧಾರ್ಮಿಕ ಸಂಘವೊಂದು ಪೊಲೀಸ್, ನ್ಯಾಯಾಲಯ ಎಲ್ಲ ಇಟ್ಟುಕೊಂಡು ಸರ್ಕಾರದ ಹಾಗೆ ಊರು ಆಳಬಹುದೇ ಅನ್ನುವುದು ಪ್ರಶ್ನೆ. ಇಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ ಒಬ್ಬರು, ನನಗೆ ಶಿಕ್ಷೆ ಕೊಡಲು ಸಂಘದ ನ್ಯಾಯಾಲಯಕ್ಕೆ ಅಧಿಕಾರವೇ ಇಲ್ಲ ಅಂತ ಹೋದರು. 1979ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಅವರ ಮಾತು ಒಪ್ಪಿತು. ಧರ್ಮವೂ ಸರ್ಕಾರವೂ ಒಂದೇ ಕೈಯಲ್ಲಿ ಇರುವಂತಿಲ್ಲ ಅಂದಿತು. ಊರಿನ ಆಡಳಿತ ಸ್ಥಳೀಯ ಸರ್ಕಾರವಾದ ನೆಪ್ಚೂನ್ ಟೌನ್‌ಶಿಪ್‌ಗೆ ಹೋಯಿತು.

ಸಬ್ಬತ್ ದಿನ, ಅಂದರೆ ವಿಶ್ರಾಂತಿಯ ಭಾನುವಾರ, ಊರಿಗೆ ಊರೇ ಸದ್ದಿಲ್ಲದೆ ಇರುವುದು ಚೆಂದವೇ. ನನಗೂ ಆಸೆಯಾಗುತ್ತದೆ. ಆದರೆ ಬೇರೆಯವರ ಮೇಲೆ ಸರಪಳಿ ಹಾಕಿ ಆ ಚೆಂದ ಉಳಿಸಿಕೊಳ್ಳುವುದು ಸರಿಯಲ್ಲ. ಕೋರ್ಟು ಸರಿಯಾದದ್ದನ್ನೇ ಮಾಡಿತು ಅನ್ನುವುದು ನನ್ನ ಅಭಿಪ್ರಾಯ. ಜಗಳ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಕಡಲದಂಡೆಯ ಮಂಟಪದಲ್ಲಿ ಇಬ್ಬರು ಹೆಂಗಸರ ಸಿವಿಲ್ ಯೂನಿಯನ್ (ಸಲಿಂಗಿ ಜೋಡಿಗಳಿಗೆ ಆಗ ಇದ್ದ, ಮದುವೆಯಂಥ ಕಾನೂನು ಬಂಧ) ಸಮಾರಂಭಕ್ಕೆ ಸಂಘ ಒಪ್ಪಲಿಲ್ಲ. ಇದು ತಾರತಮ್ಯ ಅಂತ 2012ರಲ್ಲಿ ತೀರ್ಪು ಬಂತು. ಭಾನುವಾರ ಬೆಳಿಗ್ಗೆ ಕಡಲತೀರ ಮುಚ್ಚುವ ಪದ್ಧತಿಗೂ ಸರ್ಕಾರ ಆಕ್ಷೇಪಿಸಿತು. 2024ರ ಬೇಸಿಗೆಯಲ್ಲಿ ಅದೂ ತೆರೆಯಿತು. ಊರಿನಲ್ಲಿ ಈಗ ನಾನಾ ಬಗೆಯ ಜನ ಇದ್ದಾರೆ. ಸಲಿಂಗಿ ದಂಪತಿಗಳ ಮನೆಗಳೂ ಬೇಕಾದಷ್ಟಿವೆ. ಹಾಳು ಬಿದ್ದಿದ್ದ ಎಷ್ಟೋ ಹಳೇ ಮನೆಗಳನ್ನು ರಿಪೇರಿ ಮಾಡಿ ಚೆಂದ ಮಾಡಿದವರಲ್ಲಿ ಅವರೂ ಇದ್ದಾರೆ. ಅದನ್ನು ಹೇಳದೆ ಬರೀ ಡೇರೆ, ದೇವಾಲಯ ಅಂತ ಬರೆದರೆ ಊರಿನ ಅರ್ಧ ಕಥೆ ಬಿಟ್ಟಂತೆ.

ಆರಾಧನೆಗೆ ಅಮ್ಮ ರೇಷ್ಮೆ ಸೀರೆ ಉಟ್ಟರು. ನಿನ್ನೆಯ ಅಜ್ಜಿ ತಮ್ಮ ಪಕ್ಕದಲ್ಲೇ ಜಾಗ ಹಿಡಿದಿದ್ದರು. ಕೆಳಗಿನ ಕುರ್ಚಿಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದವು, ಮೇಲಿನ ಗ್ಯಾಲರಿ ಖಾಲಿ. ಗಾಯನ ತಂಡ ದೊಡ್ಡದು. ಎಲ್ಲರೂ ಎದ್ದು ಹಾಡಿದಾಗ ಮರದ ಮುಚ್ಚಿಗೆ ನಮ್ಮ ದನಿಯನ್ನು ನಮಗೇ ವಾಪಸು ಕೊಟ್ಟಿತು. ಬೇರೆ ದೊಡ್ಡ ಚರ್ಚುಗಳಲ್ಲಿ ಹಾಡು ಮೇಲೆ ಹೋಗಿ ಗುಂಯ್ ಅಂತ ಕರಗಿಬಿಡುತ್ತದೆ. ಇಲ್ಲಿ ಪ್ರತಿ ಪದವೂ ಕೇಳುತ್ತದೆ. ಇದಕ್ಕಾಗಿಯೇ ಇದು ಮರದ್ದಾಗಿರಬೇಕಿತ್ತು.

ಈ ವೇದಿಕೆಯಲ್ಲಿ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್, ವಿಲಿಯಂ ಟಾಫ್ಟ್, ವುಡ್ರೋ ವಿಲ್ಸನ್ ಮಾತಾಡಿದ್ದಾರೆ. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ಬೂಕರ್ ವಾಷಿಂಗ್ಟನ್ ಮಾತಾಡಿದ್ದಾರೆ. ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ಪ್ರಸಂಗ ಮಾಡಿದ್ದಾರೆ. ಆದರೆ ನನಗೆ ಮನಸ್ಸಿನಲ್ಲಿ ಉಳಿದದ್ದು ಇದಕ್ಕಿಂತ ಹಿಂದಿನದು, ಹಳೇ ಸೂರಿನ ಕೆಳಗೆ 1884ರಲ್ಲಿ ನಡೆದದ್ದು. ಯುದ್ಧ ಗೆದ್ದ ಸೇನಾಪತಿ, ಎರಡು ಸಲ ಅಧ್ಯಕ್ಷರಾಗಿದ್ದ ಯುಲಿಸಿಸ್ ಗ್ರಾಂಟ್ ಆ ವರ್ಷ ಮೋಸದ ವ್ಯವಹಾರವೊಂದರಲ್ಲಿ ಎಲ್ಲ ಕಳೆದುಕೊಂಡಿದ್ದರು. ಹಳೆಯ ಸೈನಿಕರು, ಸೇನೆಯ ಪಾದ್ರಿಗಳು ಇಲ್ಲಿ ಸೇರಿದ್ದಾಗ ಅವರೂ ಬಂದರು. ಜನ ಅವರ ಪರವಾಗಿ ಎದ್ದು ನಿಂತರು. ಗ್ರಾಂಟ್ ನಾಲ್ಕು ಮಾತಾಡಿದರು, ಆಮೇಲೆ ಕಣ್ಣೀರು ಬಂದು ಮಾತು ನಿಂತಿತು. ಮರುವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು.

ಆರಾಧನೆ ಮುಗಿದ ಮೇಲೆ ಅಜ್ಜಿ ನಮ್ಮನ್ನು ಡೇರೆಗೆ ಕರೆದರು. ಅಮ್ಮ ಕೋಲಾರದ ಕಥೆ ಹೇಳಿದರು. ನಾವು ಇಟಿಸಿಎಂ ಆಸ್ಪತ್ರೆ ಅನ್ನುವ ಮಿಷನ್ ಆಸ್ಪತ್ರೆ, ಅದರ ಸುತ್ತ ಬೆಳೆದ ಮನೆಗಳು, ಕ್ರಿಸ್ಮಸ್ ರಾತ್ರಿ ಮನೆಮನೆಗೂ ಹಾಡಿಕೊಂಡು ಹೋಗುವುದು. ನಾನು ಇನ್ನೊಂದು ನಂಟು ಹೇಳಿದೆ. ಓಷನ್ ಗ್ರೋವ್‌ಗೆ ಜಾಗ ಹುಡುಕಿದ ಓಸ್ಬಾರ್ನ್ ಕೆಲವೇ ವರ್ಷಕ್ಕೆ ಮಿಷನರಿಯಾಗಿ ಭಾರತಕ್ಕೆ ಬಂದರು. ಬಂದದ್ದು ವಿಲಿಯಂ ಟೇಲರ್ ಅವರ ತಂಡಕ್ಕೆ. ಬೆಂಗಳೂರಿನಲ್ಲಿ 1870ರ ದಶಕದಲ್ಲಿ ಅಮೆರಿಕನ್ ಮೆಥೋಡಿಸ್ಟ್ ಸಭೆ ಶುರು ಮಾಡಿದವರು ಇದೇ ಟೇಲರ್. ಆ ಕೆಲಸದ ಬೆನ್ನಿಗೇ 1880ರಲ್ಲಿ ಬಾಲ್ಡ್‌ವಿನ್ ಶಾಲೆ ಹುಟ್ಟಿತು. ಕೋಲಾರಕ್ಕೂ ಅದೇ ಸಭೆ ಬಂತು. ವೆಸ್ಲಿಯನ್ ಮಿಷನ್‌ನವರು ಅವರಿಗೂ ಮುಂಚೆಯೇ ಮೈಸೂರು ಸೀಮೆಯಲ್ಲಿದ್ದರು. ಅವರು ಇಂಗ್ಲೆಂಡಿನವರು, ಆ ಸಾಲೇ ಬೇರೆ.

ಅಜ್ಜಿ ಬಹಳ ಹೊತ್ತು ಸುಮ್ನೆ ಕೂತಿದ್ದರು. "ಚಿಕ್ಕವಳಿದ್ದಾಗ ಭಾನುವಾರ ಶಾಲೆಯಲ್ಲಿ ಭಾರತಕ್ಕೆ ಅಂತ ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದೆ. ಅದು ಎಲ್ಲಿಗೆ ಹೋಗುತ್ತಿತ್ತೋ ಗೊತ್ತಿರಲಿಲ್ಲ" ಅಂದರು. ನಾನು ಅಮ್ಮನಿಗೆ ಹೇಳಿದೆ. "ನಮ್ಮ ಹೆರಿಗೆ ವಾರ್ಡಿಗೇ ಬಂದಿರಬೇಕು ಅಂತ ಹೇಳು" ಅಂದರು ಅಮ್ಮ. ಇಬ್ಬರೂ ನಕ್ಕರು.

ಸೋಮವಾರ

ರೈಲು ಹನ್ನೊಂದಕ್ಕೆ. ಬೆಳಿಗ್ಗೆ ಓಷನ್ ಪಾತ್‌ವೇ ಉದ್ದಕ್ಕೂ ನಡೆದೆವು. ದೇವಾಲಯದಿಂದ ಕಡಲವರೆಗೆ ಅಗಲವಾದ ಹಸಿರು ದಾರಿ. ಇದರಲ್ಲೊಂದು ಜಾಣತನ ಇದೆ, ಗಮನಿಸದಿದ್ದರೆ ತಿಳಿಯುವುದಿಲ್ಲ. ಕಡಲಿಗೆ ಹತ್ತಿರ ಬಂದಂತೆ ಎರಡೂ ಬದಿಯ ಮನೆಗಳು ಒಂದೊಂದಾಗಿ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತವೆ. ದಾರಿ ಕಡಲ ಕಡೆ ಬಾಯಿ ಅಗಲಿಸುತ್ತದೆ. ಹಿಂದಿನ ಸಾಲಿನ ಮನೆಗೂ ಕಡಲು ಕಾಣಬೇಕು, ಗಾಳಿ ಬರಬೇಕು ಅಂತ ಮೊದಲೇ ಹೀಗೆ ನಕ್ಷೆ ಹಾಕಿದ್ದರು. ಮುಂದಿನ ಮನೆಯವನು ಹಿಂದಿನವನ ಗಾಳಿ ತಡೆಯಬಾರದು ಅನ್ನುವುದನ್ನು ಅಳತೆಪಟ್ಟಿ ಹಿಡಿದು ಊರಿಗೇ ಬರೆದುಬಿಟ್ಟರು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಗೌರವ ಮೂಡಿದ್ದು ಇಲ್ಲಿ. ದಾರಿಯ ಮೇಲೆಯೇ ಸ್ಟೋಕ್ಸ್ ಪ್ರತಿಮೆ ಇದೆ.

ಅದೇ ಗಾಳಿ ಒಮ್ಮೆ ಮುನಿದು ಬಂದಿತ್ತು. 2012ರ ಅಕ್ಟೋಬರ್ ಕೊನೆಯಲ್ಲಿ ಸ್ಯಾಂಡಿ ಚಂಡಮಾರುತ ದೇವಾಲಯದ ಸೂರಿನ ಒಂದು ಭಾಗ ಕಿತ್ತು ಹಾಕಿತು. ಕಡಲೊಳಗೆ ಚಾಚಿದ್ದ ಮೀನುಗಾರರ ಕಟ್ಟೆ ಮುರಿಯಿತು, ದಂಡೆಯ ಮರದ ಹಾದಿ ಚೂರಾಯಿತು. ಸೂರಿನ ಕೆಲಸ ಮೊದಲು ಮಾಡಿದರು. ಮರದ ಮುಚ್ಚಿಗೆಗೆ ನೀರು ಇಳಿದರೆ ಮುಗಿಯಿತು, ಅಲ್ವಾ. ದಂಡೆಯ ಹಾದಿ ಪೂರ್ತಿಯಾಗಿ ತೆರೆದದ್ದು 2014ರ ಜುಲೈ ಹೊತ್ತಿಗೆ. ಕಡಲ ಕಟ್ಟೆ 2023ರಲ್ಲಿ ಮತ್ತೆ ಎದ್ದಿತು, ಈ ಸಲ ಶಿಲುಬೆಯ ಆಕಾರದಲ್ಲಿ. ಅದಕ್ಕೂ ಊರಲ್ಲಿ ಪರ ವಿರೋಧ ಎರಡೂ ಇವೆ.

ನಿಲ್ದಾಣಕ್ಕೆ ಹೊರಡುವ ಮುಂಚೆ ಅಜ್ಜಿಗೆ ಹೇಳಿ ಬರಲು ಹೋದೆವು. ಚಳಿಗಾಲದಲ್ಲಿ ಏನು ಮಾಡುತ್ತೀರಿ ಅಂತ ಅಮ್ಮ ಕೇಳಿಸಿದರು. ದೊಡ್ಡ ದೇವಾಲಯದಲ್ಲಿ ಬಿಸಿ ಮಾಡುವ ವ್ಯವಸ್ಥೆ ಇಲ್ಲ, ಸೆಪ್ಟೆಂಬರ್ ಕಳೆದರೆ ಬಾಗಿಲು ಹಾಕುತ್ತಾರೆ. ಅಲ್ಲೇ ವರ್ಷವಿಡೀ ಇರುವವರು ಊರಿನೊಳಗಿನ ಯುನೈಟೆಡ್ ಮೆಥೋಡಿಸ್ಟ್ ಚರ್ಚಿಗೆ ಹೋಗುತ್ತಾರೆ. ಅಜ್ಜಿ ಪೆನ್ಸಿಲ್ವೇನಿಯಾದ ಮಗಳ ಮನೆಗೆ ಹೋಗುತ್ತಾರೆ. ಮೇ ತಿಂಗಳಲ್ಲಿ ಬಟ್ಟೆ ಏರಿಸುವ ವಾರಕ್ಕೆ ವಾಪಸು. ಅಮ್ಮ ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ತೆಗೆದು ಕೊಟ್ಟರು. ಅಜ್ಜಿ ಒಂದನ್ನು ಆಗಲೇ ಮುರಿದು ಬಾಯಿಗೆ ಹಾಕಿಕೊಂಡು, ಇದನ್ನು ಮಾಡುವುದು ಹೇಗೆ ಅಂತ ಕಾಗದ ಪೆನ್ನು ಹಿಡಿದು ಕೂತರು. ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು, ಜೀರಿಗೆ, ಬೆಣ್ಣೆ ಅಂತ ಅಮ್ಮ ಹೇಳುತ್ತಾ ಹೋದರು, ನಾನು ತಿರುಗಿಸಿ ಹೇಳುತ್ತಾ ಹೋದೆ. ಹನ್ನೊಂದರ ರೈಲು ತಪ್ಪಿತು. ಮುಂದಿನದರಲ್ಲಿ ಬಂದೆವು.